ಅಮ್ಮನ ಬಿಸ್ಕತ್ ಡಬ್ಬಿ

(ನವೆಂಬರ್ ಮೊದಲ ವಾರ ಕಾರವಾರದ ಒಂದು ಚರ್ಚ್ ಹಾಲ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಅಡ್ಡದಾರಿ ಹಿಡಿದದ್ದನ್ನು ಇಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ. ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಫಾದರ್ ಫೋನ್ ಮಾಡಿ, "ಮಾಸ್ತರ್ರೇ, ಇದು ಸತ್ತವರನ್ನು ನೆನೆಯುವ ತಿಂಗಳು, ನೀವೇ ಏನಾದರೂ ಮಾತಾಡಿ" ಅಂದರು. ನಾನು ಸರಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ದೇವಶಾಸ್ತ್ರ ಓದಿದವನಲ್ಲ. ದೇವಶಾಸ್ತ್ರ ಬೇಕು ಅನ್ನುವವರು ಈಗಲೇ ಎದ್ದು ಹೋಗಿ ಟೀ ಕುಡಿಯಬಹುದು, ನನಗೇನೂ ಬೇಜಾರಿಲ್ಲ. ನಮ್ಮ ಚರ್ಚಿಗೆ ಸೇರದ ಗೆಳೆಯರೂ ಇವತ್ತು ಬಂದು ಕೂತಿದ್ದೀರಿ. ನಿಮಗೆ ಗೊತ್ತಿಲ್ಲದ ಪದ ಬಂದರೆ ಅಲ್ಲೇ ನಿಲ್ಲಿಸಿ ಕೇಳಿ.

ಎಂಟನೇ ಕ್ಲಾಸಿನ ಮಕ್ಕಳಿಗೆ ಗಾದೆ ಮಾತು ವಿಸ್ತರಿಸಿ ಬರೆಯುವ ಪಾಠ ಇರುತ್ತಿತ್ತು. "ಶರಣರ ಗುಣವನ್ನು ಮರಣದಲ್ಲಿ ನೋಡು" ಅನ್ನುವ ಗಾದೆಯನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮನುಷ್ಯ ಹೇಗೆ ಬದುಕಿದ ಅನ್ನುವುದು ಅವನು ಸಾಯುವ ರೀತಿಯಲ್ಲಿ ತಿಳಿಯುತ್ತದೆ ಎಂದು ವಿವರಿಸಿ ಮುಂದಿನ ಗಾದೆಗೆ ಹೋಗಿಬಿಡುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ನಿದ್ದೆಯಲ್ಲೇ ಸತ್ತರೆ ಏನು ನೋಡೋದು?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿದೆ. ಉತ್ತರ ಕೊಡಲಿಲ್ಲ, ಯಾಕೆಂದರೆ ನನ್ನ ಹತ್ತಿರ ಇರಲಿಲ್ಲ. ಇವತ್ತು ಮಾತಾಡುವುದು ಆ ಹುಡುಗನ ಪ್ರಶ್ನೆಗೆ. ಬಹಳ ತಡವಾಯಿತು, ಅವನಿಗೀಗ ಮೀಸೆ ಹಣ್ಣಾಗುವ ವಯಸ್ಸು.

ಯಾರಾದರೂ ರಾತ್ರಿ ಮಲಗಿ ಬೆಳಿಗ್ಗೆ ಏಳದಿದ್ದರೆ ನಾವೆಲ್ಲ ಏನು ಅನ್ನುತ್ತೇವೆ? "ಪುಣ್ಯವಂತರು, ಒಂದು ನೋವಿಲ್ಲದೆ ಹೋದರು." ನಮ್ಮ ಪಕ್ಕದ ಮನೆಯ ಭಟ್ಟರು ಸಂಜೆ "ಅನಾಯಾಸೇನ ಮರಣಂ" ಎಂದು ಬೇಡುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕಷ್ಟಪಡದೆ ಸಾವು ಬರಲಿ. ಯಾರಿಗೆ ಬೇಡ ಹೇಳಿ? ಆದರೆ ಸಕಲ ಸಂತರ ಹೆಸರು ಕರೆದು ಬೇಡುವ ನಮ್ಮ ಹಳೆಯ ಪ್ರಾರ್ಥನೆಯಲ್ಲಿ ಇನ್ನೊಂದು ಸಾಲು ಇದೆ. ಲತೀನಿನಲ್ಲಿ ಶತಮಾನಗಟ್ಟಲೆ ಹೇಳಿಕೊಂಡು ಬಂದದ್ದು. ಹಠಾತ್ತಾಗಿ, ಸಿದ್ಧತೆಯಿಲ್ಲದೆ ಬರುವ ಸಾವಿನಿಂದ ನಮ್ಮನ್ನು ಬಿಡಿಸು, ಸ್ವಾಮೀ. ನಾವು ಪುಣ್ಯ ಅನ್ನುವುದನ್ನೇ ಅವರು ಬೇಡ ಅನ್ನುತ್ತಿದ್ದರು. ನಮಗೆ ಹೆದರಿಕೆ ನೋವಿನದು. ಅವರ ಹೆದರಿಕೆ ಬೇರೆ. ಕ್ಷಮೆ ಕೇಳುವುದು ಬಾಕಿ ಉಳಿದರೆ? ಸಾಲ ತೀರಿಸುವುದು ಬಾಕಿ ಉಳಿದರೆ? ಹಾಗಂತ ಅವರಿಗೆ ನೋವು ಇಷ್ಟವಿತ್ತು ಅಂತಲ್ಲ. ಹೊರಡುವ ಮೊದಲು ಬಾಗಿಲು ಹಾಕಿಕೊಳ್ಳುವಷ್ಟು ಹೊತ್ತು ಕೊಡು ಎಂದು ಕೇಳುತ್ತಿದ್ದರು, ಅಷ್ಟೇ.

ಆ ಹೊತ್ತು ಎಲ್ಲರಿಗೂ ಸಿಗುವುದಿಲ್ಲ. ಇದನ್ನು ಈ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಂತು. ರಸ್ತೆ ಬದಿಯ ಚಹಾ ಅಂಗಡಿ ಗಂಗಾವಳಿ ಪಾಲಾಯಿತು. ನಾನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ ಜಾಗ ಅದು. ಸುದ್ದಿ ಬಂದ ವಾರ ಚರ್ಚಿನ ಹೊರಗೆ ಒಬ್ಬರು ನನ್ನ ಹತ್ತಿರ, "ಅವರದ್ದೇನು ಕರ್ಮವೋ" ಅಂದರು. ನನಗೆ ಸಿಟ್ಟು ಬಂತು. ಯೇಸುವಿನ ಕಾಲದಲ್ಲೂ ಇದೇ ಮಾತು ಇತ್ತು. ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಯೇಸು ಕೇಳಿದರು, ಜೆರುಸಲೇಮಿನಲ್ಲಿದ್ದ ಬೇರೆಯವರಿಗಿಂತ ಅವರು ಹೆಚ್ಚು ಪಾಪಿಗಳು ಅಂದುಕೊಂಡಿರಾ? ಅಲ್ಲ ಅಂತ ಅವರೇ ಉತ್ತರ ಕೊಟ್ಟರು. ಆಮೇಲೆ ಬೆರಳು ಕೇಳುತ್ತಿದ್ದವರ ಕಡೆಗೇ ತಿರುಗಿತು: ನೀವು ಮನಸ್ಸು ತಿರುಗಿಸಿಕೊಳ್ಳಿ. ಬೈಬಲಿನಲ್ಲಿ ಲೂಕನ 13ನೇ ಅಧ್ಯಾಯ, ಮನೆಗೆ ಹೋಗಿ ಓದಿ. ಸತ್ತವರ ಲೆಕ್ಕ ನೋಡುವ ಕೆಲಸ ನಮ್ಮದಲ್ಲ. ನಮ್ಮ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲೇ ಬಿದ್ದಿದೆ.

ಈಗ ಒಬ್ಬ ಸಂತರ ವಿಷಯ. ಸಂತ ಜೋಸೆಫ್ ವಾಜ್. ನಮ್ಮವರೇ ಅನ್ನಬಹುದು. ಹುಟ್ಟಿದ್ದು 1651ರಲ್ಲಿ ಗೋವಾದ ಬಾಣಾವ್ಲಿಯಲ್ಲಿ, ಇಲ್ಲಿಂದ ಎರಡು ಗಂಟೆ ದಾರಿ. ಮಾತು ಕೊಂಕಣಿ. 1681ರಿಂದ ಮೂರು ವರ್ಷ ಈ ಕೆನರಾ ಕರಾವಳಿಯಲ್ಲಿ ಪಾದ್ರಿಯಾಗಿ ಓಡಾಡಿದರು. ಹೊನ್ನಾವರ, ಭಟ್ಕಳದ ಕಡೆ ಆಗ ಕೆಳದಿ ಚೆನ್ನಮ್ಮನ ಆಳ್ವಿಕೆ. ಆ ಹೊತ್ತಿಗೆ ಇಲ್ಲಿ ಗೋವಾದ ಚರ್ಚಿನವರಿಗೂ ರೋಮಿನಿಂದ ನೇಮಕವಾದ ಬಿಷಪ್ಪರಿಗೂ ಅಧಿಕಾರ ಯಾರದ್ದು ಅನ್ನುವ ಜಗಳ. ಆ ಜಗಳದ ಕತೆ ಉದ್ದ, ಬೇಸರದ್ದು, ಬಿಡಿ. ಇಲ್ಲಿಂದ ಗೋವಾಕ್ಕೆ ಮರಳಿ, 1687ರಲ್ಲಿ ಅವರು ಸಿಲೋನ್, ಅಂದರೆ ಈಗಿನ ಶ್ರೀಲಂಕಾ, ಸೇರಿದರು. ಅಲ್ಲಿ ಡಚ್ಚರ ಕಾಟದಿಂದ ಕಥೋಲಿಕರಿಗೆ ಒಬ್ಬ ಪಾದ್ರಿಯೂ ಇರಲಿಲ್ಲ. ಕೂಲಿಯವನ ವೇಷ, ಬರಿಗಾಲು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಜೈಲಿಗೆ ಹಾಕಿದರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂತು. ಊರು ಬಿಟ್ಟು ಓಡುವವರು ಓಡಿದರು. ಇವರು ಜಾತಿ ಧರ್ಮ ನೋಡದೆ ರೋಗಿಗಳ ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಸಂತ ಪದವಿ ಸಿಕ್ಕಿದ್ದು 2015ರಲ್ಲಿ. ಪೋಪ್ ಫ್ರಾನ್ಸಿಸ್ ಕೊಲಂಬೊಕ್ಕೆ ಬಂದಿದ್ದಾಗ. ಸಾಯುವ ಮೊದಲು ಜೊತೆಯ ಪಾದ್ರಿಗಳಿಗೆ ಅವರು ಹೇಳಿದ ಮಾತಿನ ಸಾರ ಇಷ್ಟು: ಬದುಕಿಡೀ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲ.

ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ಅಷ್ಟೇನೂ ದೊಡ್ಡದು ಅನಿಸಲಿಲ್ಲ. ಸಂತರು ಇನ್ನೇನಾದರೂ ಎತ್ತರದ್ದು ಹೇಳಬೇಕಿತ್ತು ಅನಿಸಿತ್ತು. ಇದು ಪರೀಕ್ಷೆಯ ಹಿಂದಿನ ದಿನ ಮಾಸ್ತರರು ಹೇಳುವ ಮಾತಿನ ಹಾಗೆ ಇದೆಯಲ್ಲ ಅಂದುಕೊಂಡೆ. ಸಿಡುಬಿನ ರೋಗಿಗಳ ತಲೆದೆಸೆಯಲ್ಲಿ ಕೂತು ಎಷ್ಟೋ ಜನ ಸಾಯುವುದನ್ನು ಕಂಡ ಮನುಷ್ಯನ ಮಾತು ಇದು ಅಂತ ಆಮೇಲೆ ಹೊಳೆಯಿತು.

ಅಮ್ಮನ ಡಬ್ಬಿಯ ಕತೆಗೆ ಬರುತ್ತೇನೆ.

ನನ್ನ ಅಮ್ಮ 1958ರಲ್ಲಿ ಮದುವೆಯಾಗಿ ಹೊನ್ನಾವರದ ಕಡೆ ಬಂದಳು. ಆಗ ಕಾರವಾರಕ್ಕೆ ಬೇರೆ ಬಿಷಪ್ಪರ ಧರ್ಮಪ್ರಾಂತ್ಯ ಇರಲಿಲ್ಲ, ನಾವೆಲ್ಲ ಬೆಳಗಾವಿಗೆ ಸೇರಿದವರು. 1976ರಲ್ಲಿ ಬೇರೆಯಾಯಿತು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅವಳ ಟ್ರಂಕಿನಲ್ಲಿ ಒಂದು ಹಳೆಯ ಬಿಸ್ಕತ್ ಡಬ್ಬಿ ಇತ್ತು, ಮುಚ್ಚಳದ ಮೇಲೆ ಗುಲಾಬಿ ಚಿತ್ರ, ಅಂಚು ತುಕ್ಕು ಹಿಡಿದದ್ದು. ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಅದರೊಳಗೆ ಒಂದು ಮೇಣದಬತ್ತಿ. ಫೆಬ್ರವರಿ 2ರ ಹಬ್ಬಕ್ಕೆ ಚರ್ಚಿನಲ್ಲಿ ಮೇಣದಬತ್ತಿ ಮಂತ್ರಿಸಿ ಕೊಡುತ್ತಾರೆ. ಬಾಲ ಯೇಸುವನ್ನು ದೇವಾಲಯಕ್ಕೆ ಒಯ್ದ ದಿನ ಅದು. ಸಾಯುವವರ ಕೈಯಲ್ಲಿ ಆ ಬತ್ತಿ ಹಿಡಿಸುವುದು ನಮ್ಮ ಹಳೆಯ ಪದ್ಧತಿ. ಅಮ್ಮ ವರ್ಷವರ್ಷ ಹೊಸದನ್ನು ಡಬ್ಬಿಗೆ ಹಾಕಿ ಹಳೆಯದನ್ನು ಹೊರಗೆ ತೆಗೆಯುತ್ತಿದ್ದಳು. ಮೇ ಕೊನೆಯಲ್ಲಿ ಮೊದಲ ಗುಡುಗು ಬಂದು ಕರೆಂಟ್ ಹೋದ ರಾತ್ರಿ ಆ ಹಳೇ ಬತ್ತಿಯ ಬೆಳಕಿನಲ್ಲೇ ನಾವು ಊಟ ಮಾಡುತ್ತಿದ್ದೆವು. ಅಮ್ಮನ ಸಾವಿನ ಬತ್ತಿಯ ಬೆಳಕಿನಲ್ಲಿ ಸಾರು ಅನ್ನ ಉಣ್ಣುತ್ತಿದ್ದೇವೆ ಅಂತ ಯಾರಿಗೂ ಅನಿಸಿರಲೇ ಇಲ್ಲ.

ಬತ್ತಿಯ ಜೊತೆ ಒಂದು ಜಪಮಾಲೆ, ಒಂದು ಸೀರೆ, ಶವಪೆಟ್ಟಿಗೆಗೂ ಚರ್ಚಿನ ಪೂಜೆಗೂ ಅಂತ ಕವರಿನಲ್ಲಿ ಒಂದಷ್ಟು ದುಡ್ಡು. ಪೆಟ್ಟಿಗೆಯ ರೇಟು ಏರಿದ ಹಾಗೆ ಕವರೂ ದಪ್ಪ ಆಗುತ್ತಿತ್ತು. ಮತ್ತೆ ಒಂದು ಚಿಕ್ಕ ನೋಟ್‌ಬುಕ್. ಅವಳು ಬದುಕಿದ್ದಾಗಲೇ ಒಮ್ಮೆ ಕದ್ದು ನೋಡಿದ್ದೆ. ಪ್ರಾರ್ಥನೆ ಬರೆದಿರಬೇಕು ಅಂದುಕೊಂಡಿದ್ದೆ. ಪ್ರಾರ್ಥನೆ ಇರಲಿಲ್ಲ. "ಮೀನಿನ ಅಕ್ಕನಿಗೆ 35. ಗಿರಣಿ 12. ಟೇಲರ್ 60." ಕೊಟ್ಟ ಮೇಲೆ ಗೆರೆ ಎಳೆದದ್ದು. ನಡುವೆ ಒಂದು ಕಡೆ ರೂಪಾಯಿಯೇ ಇಲ್ಲದ ಒಂದು ಸಾಲು: "ಬೇಲಿ ಆಚೆಯವರು." ಅದಕ್ಕೆ ಗೆರೆ ಇರಲಿಲ್ಲ.

ಬೇಲಿ ಆಚೆಯವರು ಅಂದರೆ ಪಕ್ಕದ ಹಿತ್ತಲಿನವರು. ಒಂದು ತೆಂಗಿನ ಮರ ನಮ್ಮ ಗಡಿಯಲ್ಲೋ ಅವರದ್ದರಲ್ಲೋ ಅಂತ ಜಗಳ. ಹನ್ನೊಂದು ವರ್ಷ ಮಾತಿಲ್ಲ. ಕಾಯಿ ಬಿದ್ದರೆ ಎರಡೂ ಮನೆಯವರು ಕಿಟಕಿಯಿಂದ ನೋಡುತ್ತಿದ್ದೆವು, ಯಾರು ಮೊದಲು ಎತ್ತುತ್ತಾರೆ ಅಂತ. ಒಂದು ಜೂನ್ ತಿಂಗಳ ಮಧ್ಯಾಹ್ನ, ಜಡಿಮಳೆ. ಅಮ್ಮ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಬಸಳೆಯ ಕಟ್ಟು ಹಿಡಿದು ಅಂಗಳ ಇಳಿದಳು. ಸುತ್ತು ಹೊಡೆದು ರಸ್ತೆಯಿಂದ ಹೋದಳು, ಬೇಲಿ ದಾಟಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಬಸಳೆ ಇಲ್ಲ, ನಾಲ್ಕು ಮಾವಿನಹಣ್ಣು ಇತ್ತು. "ಏನಾಯ್ತು?" ಅಂತ ಕೇಳಿದೆ. "ಮಾತಾಡಿ ಬಂದೆ" ಅಂದಳು. ಇನ್ನೇನೂ ಹೇಳಲಿಲ್ಲ. ಮರ ಯಾರದ್ದು ಅಂತ ತೀರ್ಮಾನ ಆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

2011ರಲ್ಲಿ ಅಮ್ಮ ತೀರಿಕೊಂಡಳು. ನಿದ್ದೆಯಲ್ಲೇ. ರಾತ್ರಿ ಜಪಸರ ಮುಗಿಸಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಹಠಾತ್ ಸಾವು ಬೇಡ ಅಂತ ಆಯುಷ್ಯವಿಡೀ ಬೇಡಿದವಳಿಗೆ ಹಠಾತ್ ಸಾವೇ ಬಂತು. ಫಾದರ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬತ್ತಿಯನ್ನು ಕೈಯಲ್ಲಿ ಹಿಡಿಸಲು ಆಗಲಿಲ್ಲ, ತಲೆಯ ಹತ್ತಿರ ಹಚ್ಚಿಟ್ಟೆವು. ಚರ್ಚಿನಲ್ಲಿ ಮರಣದ ಗಂಟೆ ನಿಧಾನಕ್ಕೆ ಹೊಡೆಯಿತು. ಆ ಗಂಟೆ ಕೇಳಿದರೆ ಊರವರೆಲ್ಲ ಕೆಲಸ ನಿಲ್ಲಿಸಿ "ಯಾರಂತೆ?" ಅಂತ ಕೇಳುತ್ತಾರೆ. ಮೊದಲು ಬಂದವರು ಬೇಲಿ ಆಚೆಯವರು. ಬೇಲಿಯನ್ನೇ ದಾಟಿ ಬಂದರು. ಸಂಜೆ ನೋಟ್‌ಬುಕ್ ತೆಗೆದು ನೋಡಿದೆ. ಎಲ್ಲ ಸಾಲಿಗೂ ಗೆರೆ ಬಿದ್ದಿತ್ತು. ಒಂದು ಬಿಟ್ಟು. ಮೀನಿನ ಅಕ್ಕನಿಗೆ 40, ಹಿಂದಿನ ದಿನದ ಬಂಗಡೆಯದ್ದು. ನಾನೇ ಹೋಗಿ ಕೊಟ್ಟೆ. ಆಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. "ಗೆರೆ ಎಳೀಬೇಕು, ತಗೊಳ್ಳಿ ಅಕ್ಕಾ" ಅಂದೆ. ತೆಗೆದುಕೊಂಡು ಅತ್ತರು.

ಹಿಂದಿನ ಬೆಂಚಿನ ಹುಡುಗನಿಗೆ ಇದನ್ನು ಹೇಳಬೇಕಿತ್ತು. ನಿದ್ದೆಯಲ್ಲೇ ಸತ್ತರೆ ನೋಡಲಿಕ್ಕೆ ಒಂದು ನೋಟ್‌ಬುಕ್ ಇರುತ್ತದೆ ಕಣೋ.

ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಆದರೂ ಆರು ವರ್ಷದ ಮೇಲೆ ಏನು ಮಾಡಿದೆ ಕೇಳಿ.

ನನ್ನ ಚಿಕ್ಕಪ್ಪನಿಗೆ ಸಂಜೆ ಎದೆನೋವು ಬಂತು. ಊರಿನ ಡಾಕ್ಟರು ನೋಡಿ, ಇಲ್ಲಿ ಆಗುವುದಿಲ್ಲ, ದಕ್ಷಿಣಕ್ಕೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂದರು. ಈ ಮಾತು ಕೇಳದ ಮನೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ, ಎಲ್ಲಿಗಾದರೂ ಓಡಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ, ಅಲ್ವಾ? ಹಾಗಾಗಿ ಕೊನೆಯ ಗಳಿಗೆ ನಮ್ಮಲ್ಲಿ ಎಷ್ಟೋ ಜನರಿಗೆ ಹೆದ್ದಾರಿಯಲ್ಲೇ ಬರುತ್ತದೆ. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಇತ್ತು. ಚರ್ಚ್ ಇದ್ದದ್ದು ಕೂಗಳತೆಯಲ್ಲಿ. ಫಾದರನ್ನು ಕರೆಯೋಣವೇ ಅಂತ ಯಾರೋ ಕೇಳಿದರು. ಚಿಕ್ಕಮ್ಮ "ಬೇಡ, ಫಾದರನ್ನು ಕಂಡರೆ ಅವರಿಗೆ ಹೆದರಿಕೆ ಆಗ್ತದೆ" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ಓದಿದವನು, ಮಾಸ್ತರು. ನಾನು "ಹೌದು, ಬೇಡ" ಅಂದೆ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ನಿಮಗೆಲ್ಲ ಗೊತ್ತು. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರಕ್ಕೆ ಹಿಂದೆ ಅಂತ್ಯಾಭ್ಯಂಗ ಅನ್ನುತ್ತಿದ್ದರು. ಹೆಸರಿನಲ್ಲೇ ಅಂತ್ಯ ಇದೆ. ಪಾದ್ರಿ ಎಣ್ಣೆ ಹಿಡಿದು ಬಂದರೆ ಪೆಟ್ಟಿಗೆಗೆ ಆರ್ಡರ್ ಕೊಡಬಹುದು ಅನ್ನುವಂತೆ ಜನ ನೋಡುತ್ತಿದ್ದರು. ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ತಿದ್ದಿತು. ಇದು ಸಾಯುವ ಗಳಿಗೆಗೆ ಮಾತ್ರ ಅಲ್ಲ, ಕಾಯಿಲೆ ಗಂಭೀರ ಆದ ಕೂಡಲೇ, ವಯಸ್ಸಾಗಿ ನಿತ್ರಾಣ ಆದಾಗಲೂ ಕೇಳಿ ಪಡೆಯಬಹುದು ಅಂತ ಹೇಳಿತು. 1972ರಲ್ಲಿ ಹೊಸ ವಿಧಿ ಬಂತು. ಹಣೆಗೆ, ಅಂಗೈಗೆ ಎಣ್ಣೆ, ಒಂದು ಪ್ರಾರ್ಥನೆ. ಬೈಬಲಿನ ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಇರುವುದೂ ಅಷ್ಟೇ. ನಿಮ್ಮಲ್ಲಿ ಯಾರಿಗಾದರೂ ಕಾಯಿಲೆಯೇ? ಸಭೆಯ ಹಿರಿಯರನ್ನು ಕರೆಸಲಿ. ಸತ್ತ ಮೇಲೆ ಕರೆಸಲಿ ಅಂತ ಅಲ್ಲಿಲ್ಲ. ಸಾಯುವವರಿಗೆ ಅಂತಲೇ ಇರುವುದು ಬೇರೆ, ಅದು ಕೊನೆಯ ಪ್ರಸಾದ. ಅದರ ಲತೀನು ಹೆಸರಿಗೆ ದಾರಿಯ ಬುತ್ತಿ ಅಂತ ಅರ್ಥ. ನಮ್ಮಲ್ಲಿ ಶಿರಸಿಗೆ ಹೊರಟರೂ ಬುತ್ತಿ ಕಟ್ಟುತ್ತೇವೆ. ಚಿಕ್ಕಪ್ಪನನ್ನು ಬುತ್ತಿ ಇಲ್ಲದೆ ಕಳಿಸಿದೆ ನಾನು.

ಆಂಬುಲೆನ್ಸ್ ಭಟ್ಕಳ ದಾಟಿತ್ತು. ಚಿಕ್ಕಪ್ಪ ಕಣ್ಣು ಬಿಟ್ಟು, "ಫಾದರ್ ಬರಲಿಲ್ವಾ?" ಅಂತ ಕೇಳಿದರು. ಅವರಿಗೆ ಹೆದರಿಕೆ ಇರಲಿಲ್ಲ, ಹೆದರಿಕೆ ಇದ್ದದ್ದು ನಮಗೆ. "ಆಸ್ಪತ್ರೆಗೆ ಬರ್ತಾರೆ" ಅಂತ ಸುಳ್ಳು ಹೇಳಿದೆ. ಆಮೇಲೆ ಬೇರೇನೂ ತೋಚದೆ ಅವರ ಕೈ ಹಿಡಿದು, ಮರಿಯ ಮಾತೆಗೆ ಹೇಳುವ ನಮೋ ಮರಿಯ ಪ್ರಾರ್ಥನೆ ಶುರು ಮಾಡಿದೆ. ಸೈರನ್ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಹೇಳುವಾಗ ನಡುವೆ ತಪ್ಪಿದೆ, ಸಾಲು ಮರೆತುಹೋಯಿತು. ಅವರು ಮರೆಯಲಿಲ್ಲ. ತುಟಿ ಆಡುತ್ತಲೇ ಇತ್ತು. "ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಸಮಯದಲ್ಲಿಯೂ ಪ್ರಾರ್ಥಿಸಿರಿ." ಬೈಂದೂರು ಬರುವ ಮೊದಲೇ ಹೋದರು.

ಆಮೇಲೆ ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಒಂದು ಜಪಸರದಲ್ಲಿ ಮೊದಲಿಗೆ ಮೂರು, ಆಮೇಲೆ ಹತ್ತು ಹತ್ತರ ಐದು ಸುತ್ತು, ಒಟ್ಟು 53 ನಮೋ ಮರಿಯ. ಅಂದರೆ ದಿನಕ್ಕೆ 53 ಸಲ ಮರಣದ ಸಮಯ ಅನ್ನುತ್ತೇವೆ. ವರ್ಷಕ್ಕೆ 19,345. ಚಿಕ್ಕಪ್ಪ ಸಂಜೆಯ ತೇರ್ಸ್, ಅಂದರೆ ಈ ಜಪಸರ, ತಪ್ಪಿಸಿದವರಲ್ಲ. ಅರವತ್ತು ವರ್ಷಕ್ಕೆ ಹನ್ನೊಂದು ಲಕ್ಷ ದಾಟುತ್ತದೆ. ಸರ ಹಿಡಿದು ತೂಕಡಿಸುತ್ತಾ, ಗಂಜಿಗೆ ಉಪ್ಪು ಜಾಸ್ತಿ ಆಯಿತೋ ಅಂತ ಯೋಚಿಸುತ್ತಾ ಹೇಳಿದವೂ ಅದರಲ್ಲಿ ಇದ್ದಾವು. ಮನಸ್ಸಿಲ್ಲದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಅಂತ ಯುವಕರ ಗುಂಪಿನಲ್ಲಿ ನಾನೇ ಭಾಷಣ ಮಾಡಿದ್ದುಂಟು. ಈಗ ಆ ಮಾತು ಹೇಳಲು ಬಾಯಿ ಬರುವುದಿಲ್ಲ. ತೂಕಡಿಸುತ್ತಾ ಹೇಳಿದ್ದು ಆಂಬುಲೆನ್ಸಿನಲ್ಲಿ ಅವರ ಬಾಯಿಗೆ ಬಂತು, ಎಚ್ಚರವಿದ್ದ ನನ್ನ ಬಾಯಿಗೆ ಬರಲಿಲ್ಲ.

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಕೊನೆಯ ಗಳಿಗೆಯಲ್ಲಿ ಸ್ವರ್ಗ ಪಡೆದನಲ್ಲ, ನಾವೂ ಆಮೇಲೆ ನೋಡಿಕೊಂಡರಾಯಿತು ಅಂತ ಕೆಲವರು ಹೇಳುತ್ತಾರೆ. ನಿಜ, ಪಡೆದ. ಅಂಕೋಲಾಕ್ಕೆ ಕೊನೇ ಬಸ್ಸೂ ಇರುತ್ತದೆ. ಆದರೆ ಅದನ್ನು ನಂಬಿ ಕಾರವಾರ ಪೇಟೆಯಲ್ಲಿ ಕೂತು ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದವರು ಈ ಹಾಲ್‌ನಲ್ಲೇ ಇದ್ದಾರೆ. ನಗಬೇಡಿ, ನಾನೂ ಒಬ್ಬ.

ಮಣ್ಣು ಮಾಡುವ ದಿನದ ಆಡಂಬರದ ಬಗ್ಗೆಯೂ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಗ್ರಾನೈಟ್ ಸಮಾಧಿ, ಫ್ಲೆಕ್ಸ್, ಯೂಟ್ಯೂಬ್ ಲೈವ್. ಅರ್ಧ ಹೊಡೆದು ಹಾಕಿದೆ. ಚಿಕ್ಕಪ್ಪನ ಮಗ ಕುವೈತಿನಿಂದ ಬರಲಾಗದೆ ಅಪ್ಪನ ಮುಖವನ್ನು ಮೊಬೈಲಿನಲ್ಲೇ ನೋಡಿದ. ಲೈವ್ ಬೇಡ ಅಂತ ಅವನಿಗೆ ಯಾವ ಬಾಯಲ್ಲಿ ಹೇಳಲಿ?

ಕೊನೆಗೆ ಒಂದು ಹೋಲಿಕೆ ಕೊಟ್ಟು ಮುಗಿಸೋಣ ಅಂದುಕೊಂಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 61 ದಿನ. ಆಗ ಬೈತಖೋಲ ಬಂದರಿನಲ್ಲಿ ಬೋಟು ರಿಪೇರಿ ಮಾಡಿ, ಬಲೆ ಹೊಲಿದು ಸಿದ್ಧ ಆಗುತ್ತೀರಲ್ಲ, ಸಾವಿಗೂ ಹಾಗೇ ಸಿದ್ಧ ಆಗಬೇಕು ಅಂತ ಹೇಳಿ ಕೂತೆ. ಚಪ್ಪಾಳೆಯೂ ಬಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂತ ಫಾದರ್ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಕಡಲಿನಲ್ಲಿ ಬದುಕು ಕಳೆದವರು.

"ಮಾಸ್ತರ್ರೇ, ಬಲೆ ಮಳೆಗಾಲದಲ್ಲಿ ಮಾತ್ರ ಹೊಲಿಯೂದಲ್ಲ. ದಿನಾ ಬಂದ ಕೂಡ್ಲೆ ನೋಡ್ಬೇಕು. ಇವತ್ತು ಒಂದು ಕಣ್ಣು ಹರಿದದ್ದು ಬಿಟ್ರೆ ನಾಳೆ ಆಳು ಹೋಗುವಷ್ಟು ತೂತು."

ಹಾಲ್ ಪೂರ್ತಿ ನಕ್ಕಿತು. ನನ್ನ ಒಂದು ಗಂಟೆಯ ಮಾತನ್ನು ಅವರು ಎರಡು ಸಾಲಿನಲ್ಲಿ ತಿದ್ದಿದ್ದರು. ಆದರೆ ಅವರು ಕೂರಲಿಲ್ಲ, ಪ್ರಶ್ನೆ ಬೇರೆಯೇ ಇತ್ತು.

"ಕಡಲಲ್ಲಿ ಏನಾದ್ರೂ ಆದ್ರೆ ಫಾದರ್ ಎಲ್ಲಿಂದ ಬರೂದು?"

ನಾನು ಫಾದರ್ ಕಡೆ ನೋಡಿದೆ. ಅವರು ಹೇಳಿದರು, ಪಾದ್ರಿ ಸಿಗದ ಕಡೆ ದೇವರ ಮೇಲಿನ ಪ್ರೀತಿಯಿಂದ ಮನಸಾರೆ ಪಶ್ಚಾತ್ತಾಪ ಪಟ್ಟರೆ, ಸಿಕ್ಕಿದಾಗ ಕುಮ್ಸಾರ್, ಅಂದರೆ ಪಾದ್ರಿಯ ಮುಂದೆ ಪಾಪ ನಿವೇದನೆ, ಮಾಡುತ್ತೇನೆ ಅಂತ ನಿಶ್ಚಯ ಮಾಡಿದರೆ, ದೇವರು ಕ್ಷಮಿಸುತ್ತಾನೆ, ಇದು ಚರ್ಚಿನ ಬೋಧನೆಯೇ. ಹಿರಿಯರು ತಲೆಯಾಡಿಸಿದರು.

"ನಾವು ಹೊಳೆ ಕಡಲಿಗೆ ಸೇರುವ ಅಳಿವೆ ದಾಟುವಾಗ ಅಲೆ ನೋಡ್ಕೊಂಡು ನಿಲ್ತೇವೆ. ಇಂಜಿನ್ ಜೋರು ಮಾಡುವ ಮೊದ್ಲು ಟೊಪ್ಪಿ ತೆಗ್ದು ಶಿಲುಬೆ ಗುರ್ತು ಹಾಕ್ತೇವೆ, ತಪ್ಪಾಯ್ತು ಸ್ವಾಮಿ ಅಂತೇವೆ. ಅದು ಲೆಕ್ಕಕ್ಕೆ ಬರ್ತದಾ?"

"ಬರ್ತದೆ" ಅಂದರು ಫಾದರ್.

"ಹಾಗಾದ್ರೆ ಸಾಕು" ಅಂತ ಅವರು ಕೂತರು. ಟೊಪ್ಪಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.